ಅರ್ಧ ತೆರೆದಿಟ್ಟ ಚಾಕು

೨೦೧೯ರ ನವೆಂಬರ್ ೧೭, ಭಾನುವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಕಾರ್ಖಾನೆಗೆ ರಜೆ. ಸಾಣೆಯ ಮೋಟಾರು ಸುಮ್ಮನಿತ್ತು, ಬೆಲ್ಟು ಸಡಿಲವಾಗಿ ಜೋತಿತ್ತು. ಕಿಟಕಿಯ ಗಾಜಿಗೆ ಹತ್ತಿದ್ದ ಉಕ್ಕಿನ ಧೂಳಿನಿಂದಾಗಿ ಒಳಗೆ ಬೀಳುತ್ತಿದ್ದ ಬಿಸಿಲು ಕೂಡ ಕಂದಾಗಿತ್ತು. ಅಪ್ಪ ನಡುವಿನ ಬೆಂಚಿನ ಮೇಲೆ ಹಳೆಯ ಟವೆಲ್ ಹಾಸಿ, ಅದರ ಮೇಲೆ ಎರಡು ಮಡಿಸುವ ಚಾಕುಗಳನ್ನು ಪಕ್ಕಪಕ್ಕದಲ್ಲಿಟ್ಟು, ಕುರ್ಚಿ ಎಳೆದುಕೊಂಡು ಕುಳಿತರು.

"ಬನ್ನಿ, ಎಲ್ಲಾ ಬನ್ನಿ. ನಮ್ಮ ಮೊಂಡಿಗೆ ಅಚ್ಚು ಬೇಕಂತೆ. ಕೇಳಿದ್ದನ್ನ ಕೊಡೋ ಮನುಷ್ಯ ನಾನು. ಆದ್ರೆ ಪುಕ್ಕಟೆ ಕೊಡಲ್ಲ."

ಮೊಂಡಿ ಎಂದರೆ ಮಗಳು. ಚಿಕ್ಕವಳಿದ್ದಾಗ ಹಠಮಾರಿಯೆಂದು ಅಪ್ಪ ಇಟ್ಟ ಹೆಸರು ನಲವತ್ತಾರು ವಯಸ್ಸಾದರೂ ಅವಳನ್ನು ಬಿಟ್ಟಿರಲಿಲ್ಲ. ಮದುವೆಯಾದ ಮೂರನೇ ವರ್ಷಕ್ಕೆ ಗಂಡನ ಮನೆ ಬಿಟ್ಟು ಬಂದವಳು ಅಂದಿನಿಂದ ಮಹಡಿಯ ಕೋಣೆಯಲ್ಲಿ ಮಲಗುತ್ತಿದ್ದಳು, ಕೆಳಗಿನ ಬೆಂಚಿನಲ್ಲಿ ಬದುಕುತ್ತಿದ್ದಳು. ಅಲಗು ಕತ್ತರಿಸುವುದು, ಕಾಯಿಸಿ ಹದ ಹಾಕುವುದು, ಸ್ಪ್ರಿಂಗ್ ಕೂರಿಸುವುದು, ಹಿಡಿಗೆ ಕೊಂಬಿನ ತುಂಡು ಹೊಂದಿಸಿ ರಿವೆಟ್ ಬಡಿಯುವುದು, ಎಲ್ಲವೂ ಅವಳ ಕೈಕೆಲಸ. ಅಣ್ಣ ಮುಂದಿನ ಅಂಗಡಿಯಲ್ಲಿ ಕುಳಿತು ಮಾರುತ್ತಿದ್ದ. ಅವನು ಒಂದು ಚಾಕುವನ್ನು ಮೊದಲಿನಿಂದ ಕೊನೆಯವರೆಗೆ ತಾನೇ ಮಾಡಿ ಇಪ್ಪತ್ತೇಳು ವರ್ಷವಾಗಿತ್ತು.

ಅಚ್ಚು ಬೆರಳುದ್ದದ ಉಕ್ಕಿನ ಕಡ್ಡಿ. ಅದರ ತುದಿಯಲ್ಲಿ ಅಕ್ಕಿಕಾಳಿನಷ್ಟು ದೊಡ್ಡ ಸುತ್ತಿಗೆಯ ಚಿತ್ರ ಕೊರೆದಿತ್ತು. ಅಲಗು ಇನ್ನೂ ಮೆತ್ತಗಿರುವಾಗ, ಹದ ಹಾಕುವ ಮುಂಚೆ, ಅದರ ಬುಡಕ್ಕೆ ಈ ಕಡ್ಡಿಯನ್ನಿಟ್ಟು ಒಂದೇ ಏಟು ಹಾಕಬೇಕು. ಹದವಾದ ಮೇಲೆ ಉಕ್ಕು ಯಾರ ಮಾತನ್ನೂ ಕೇಳುವುದಿಲ್ಲ, ಅಚ್ಚು ಜಾರುತ್ತದೆ. ಅಂಗಡಿಗೆ ಬರುವವರು ಮೊದಲು ಹುಡುಕುವುದು ಆ ಸುತ್ತಿಗೆಯನ್ನೇ. ಅಚ್ಚು ಯಾರ ಜೇಬಿನಲ್ಲಿದೆಯೋ ಚಾಕು ಅವರದು, ಮಾಡಿದ ಕೈ ಯಾರದೇ ಆಗಿರಲಿ. ಇಷ್ಟು ವರ್ಷ ಅದು ಅಪ್ಪನ ಜೇಬಿನಲ್ಲಿತ್ತು. ಈಚೆಗೆ ಅಪ್ಪನ ಕೈ ನಡುಗತೊಡಗಿ ಸುತ್ತಿಗೆ ಎರಡೆರಡಾಗಿ ಮೂಡುತ್ತಿತ್ತು. ಸೋಮವಾರ ಹನ್ನೊಂದು ಗಂಟೆಗೆ ಚಾಕು ಮಾಡುವವರ ಸಂಘದ ಹಿರಿಯರು ಬಂದು, ಅವರ ಎದುರಿಗೆ ಅಚ್ಚು ಕೈ ಬದಲಾಗಬೇಕೆಂದು ನಿಶ್ಚಯವಾಗಿತ್ತು.

ಶನಿವಾರ ಊಟಕ್ಕೆ ಕೂತಾಗ ಮೊಂಡಿ ಕೇಳಿಬಿಟ್ಟಿದ್ದಳು. "ಅಪ್ಪಾ, ಅಚ್ಚು ನನಗೆ ಕೊಡಿ. ಕೆಲಸ ನಾನು ಮಾಡ್ತೀನಿ, ಗುರುತೂ ನಾನೇ ಹಾಕ್ತೀನಿ."

ಅಪ್ಪ ತುತ್ತು ನುಂಗಿ, ನೀರು ಕುಡಿದು, ಅಣ್ಣನ ಕಡೆ ನೋಡಿ ನಕ್ಕಿದ್ದರು. "ಕೇಳಿದ್ಯೇನೋ? ಅಡುಗೆಯವಳು ಮನೆ ಪತ್ರಾನೂ ತನ್ನ ಹೆಸರಿಗೇ ಬೇಕು ಅಂತಿದಾಳೆ."

ಆದರೆ ಬೆಳಗಾಗುವಷ್ಟರಲ್ಲಿ ಅವರಿಗೆ ಬೇರೊಂದು ಯೋಚನೆ ಬಂದಿತ್ತು. ಇವಳ ಬಾಯಿಯನ್ನು ಒಂದೇ ಸಲಕ್ಕೆ, ಎಲ್ಲರೆದುರಿಗೆ ಮುಚ್ಚಿಸಬೇಕು. ಅದಕ್ಕೇ ಈ ಎರಡು ಚಾಕು.

ಮಡಿಸುವ ಚಾಕುವಿನಲ್ಲಿ ಇರುವುದು ಬಹಳ ಕಡಿಮೆ: ಒಂದು ಅಲಗು, ಅದರ ಬೆನ್ನಿಗೆ ಒರಗಿ ಹಿಡಿಯೊಳಗೆ ಕೂತ ಒಂದು ಸ್ಪ್ರಿಂಗ್, ಎರಡು ಪಕ್ಕೆ, ಮೂರು ರಿವೆಟ್. ಅಲಗಿನ ಬುಡ ಚೌಕಾಕಾರ. ಅದರ ಒಂದೊಂದು ಮುಖ ಸ್ಪ್ರಿಂಗಿನ ತುದಿಗೆ ಚಪ್ಪಟೆಯಾಗಿ ಕೂತಾಗ ಅಲಗು ನಿಲ್ಲುತ್ತದೆ. ಪೂರ್ತಿ ತೆರೆದಾಗ ಒಂದು, ಪೂರ್ತಿ ಮಡಿಸಿದಾಗ ಒಂದು, ನಡುವೆ ನೆಟ್ಟಗೆ ನಿಂತಾಗ ಇನ್ನೊಂದು. ಈ ಮನೆಯ ಚಾಕುವಿಗೆ ಹೆಸರು ಬಂದದ್ದು ಈ ನಡುವಿನ ನಿಲುಗಡೆಯಿಂದ. ಮುಚ್ಚುವಾಗ ಕೈ ಜಾರಿದರೂ ಅಲಗು ಅರ್ಧ ದಾರಿಯಲ್ಲಿ ಟಕ್ಕೆಂದು ನಿಂತು ಬೆರಳನ್ನು ಉಳಿಸುತ್ತದೆ. ಅದಕ್ಕೆ ಇಲ್ಲಿ ಪರೀಕ್ಷೆಯೂ ಹಾಗೇ. ಚಾಕು ಮಾಡಿದವರು ತಮ್ಮ ಎಡಗೈಯ ತೋರುಬೆರಳನ್ನು ಹಿಡಿಯ ಸೀಳಿನ ಮೇಲೆ ಅಡ್ಡ ಇಡಬೇಕು. ಇನ್ನೊಬ್ಬರು ತೆರೆದ ಅಲಗನ್ನು ಒಂದೇ ಬಿರುಸಿಗೆ ಮುಚ್ಚಬೇಕು. ಬೆರಳಿಡಲು ಹೆದರುವವರು ಚಾಕು ಮಾರಬಾರದು. ಅಪ್ಪನ ಎಡ ತೋರುಬೆರಳಿನ ಮೇಲೆ ಹಳೆಯ ಗಾಯದ ಗೆರೆ ಒಂದೂ ಇರಲಿಲ್ಲ, ಅದು ಅವರ ದೊಡ್ಡ ಹೆಮ್ಮೆ.

ಬೆಂಚಿನ ಮೇಲಿದ್ದ ಎರಡೂ ಚಾಕುಗಳನ್ನು ಮಾಡಿದ್ದು ೧೯೯೨ರಲ್ಲಿ, ಒಂದೇ ವಾರದಲ್ಲಿ. ಅಣ್ಣನಿಗೆ ಇಪ್ಪತ್ತೆರಡು, ಅವಳಿಗೆ ಹತ್ತೊಂಬತ್ತು. ಒಂದೇ ಉಕ್ಕಿನ ಪಟ್ಟಿಯಿಂದ, ಒಂದೇ ಮಾದರಿ ತಗಡನ್ನಿಟ್ಟು ಗೀಚಿ ಕತ್ತರಿಸಿದ್ದು. ತೂತು ಕೊರೆದ ಅಳತೆಯೂ ಒಂದೇ. ಅಪ್ಪ ಅಣ್ಣನ ಮೆತ್ತಗಿನ ಅಲಗಿಗೆ ಅಚ್ಚು ಹೊಡೆದು ಮುತ್ತಿಟ್ಟಿದ್ದರು. ಅವಳ ಅಲಗನ್ನು ಬೆರಳಲ್ಲಿ ತಿರುಗಿಸಿ ನೋಡಿ, "ಇದಕ್ಯಾಕೆ ಅಚ್ಚು? ಈರುಳ್ಳಿ ಓದುತ್ತಾ?" ಎಂದು ಹಾಗೇ ಕುಲುಮೆಯ ಪಕ್ಕಕ್ಕೆ ಎಸೆದಿದ್ದರು. ಅವಳು ಆ ಅಲಗಿಗೆ ಅಚ್ಚಿಲ್ಲದೆಯೇ ಹದ ಹಾಕಿದಳು.

ಅಣ್ಣನ ಚಾಕು ಅಂಗಡಿಯ ಗೋಡೆಯ ಮೇಲೆ, ಗಾಜಿನ ಪೆಟ್ಟಿಗೆಯೊಳಗೆ, ನೀಲಿ ಮಖಮಲ್ ಹೊದಿಸಿದ ಹಲಗೆಯ ಮೇಲೆ ಕುಳಿತಿತು. ಮಡಿಸಿದರೆ ಅಲಗು ಕಾಣುವುದಿಲ್ಲ, ಪೂರ್ತಿ ತೆರೆದರೆ ಮಡಿಸುವ ಚಾಕು ಎಂದು ತಿಳಿಯುವುದಿಲ್ಲ. ಆದ್ದರಿಂದ ಅಪ್ಪ ಅದನ್ನು ಅರ್ಧ ತೆರೆದು, ನೆಟ್ಟಗೆ ನಿಲ್ಲಿಸಿ ಇಟ್ಟರು. "ಅಲ್ಲೇ ನೋಡ್ಲಿ ಜನ, ನಮ್ಮ ನಿಲುಗಡೆ ಹೇಗಿರುತ್ತೆ ಅಂತ." ಒರೆಸಲು ಅಣ್ಣನನ್ನು ಬಿಟ್ಟರೆ ಅದನ್ನು ಮುಟ್ಟುವ ಅಪ್ಪಣೆ ಯಾರಿಗೂ ಇರಲಿಲ್ಲ. ಮೊಂಡಿಯ ಚಾಕು ಅಡುಗೆಮನೆಗೆ ಹೋಯಿತು. ಅಮ್ಮ ಇರುವವರೆಗೂ ಅದರಲ್ಲಿ ತರಕಾರಿ ಹೆಚ್ಚಿದಳು, ದಾರ ಕತ್ತರಿಸಿದಳು, ಡಬ್ಬದ ಮುಚ್ಚಳ ಮೀಟಿದಳು. ಅಮ್ಮ ಹೋದಮೇಲೆ ಅದು ಮಗಳ ಸೊಂಟದ ಜೇಬಿಗೆ ಬಂತು. ದಿನಕ್ಕೆ ಹತ್ತಾರು ಸಲ ತೆರೆದು ಮುಚ್ಚುವುದು, ಸಂಜೆ ತೊಳೆದು ಒರೆಸಿ ಕೀಲಿಗೊಂದು ತೊಟ್ಟು ಎಣ್ಣೆ ಬಿಡುವುದು. ಸಾಣೆ ಹಿಡಿದು ಹಿಡಿದು ಅಲಗು ಈಗ ಮೊದಲಿನ ಅರ್ಧ ಅಗಲಕ್ಕೆ ಇಳಿದಿತ್ತು.

"ಇಪ್ಪತ್ತೇಳು ವರ್ಷದ ಚಾಕುಗಳು," ಎಂದರು ಅಪ್ಪ. "ಬಾಳಿಕೆ ಅಂದ್ರೇನು ಅಂತ ಇವತ್ತು ನೋಡೋಣ. ಅವರವರ ಚಾಕು, ಅವರವರ ಬೆರಳು. ಯಾರ ಚಾಕು ನಿಲ್ಲುತ್ತೋ ಅಚ್ಚು ಅವರಿಗೆ. ಎರಡೂ ನಿಂತ್ರೆ ದೊಡ್ಡವನಿಗೆ. ಒಪ್ಪಿಗೆ ತಾನೆ?"

"ಒಪ್ಪಿಗೆ," ಎಂದಳು ಮೊಂಡಿ.

ಅತ್ತಿಗೆ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. "ಮಾವ, ಅವಳ ಚಾಕು ನಿಂತೇ ನಿಲ್ಲುತ್ತೆ ಬಿಡಿ. ಅರ್ಧಕ್ಕೆ ನಿಲ್ಲಿಸೋದು ಅವಳಿಗೆ ಅಭ್ಯಾಸ. ಸಂಸಾರಾನೂ ಅರ್ಧಕ್ಕೇ ಅಲ್ವಾ ನಿಲ್ಲಿಸಿ ಬಂದಿದ್ದು?"

ಅಪ್ಪ ಹೊಟ್ಟೆ ಹಿಡಿದು ನಕ್ಕರು. ಅಣ್ಣನೂ ನಕ್ಕ. ಮೊಂಡಿ ತನ್ನ ಚಾಕುವನ್ನು ಕೈಗೆತ್ತಿಕೊಂಡು, ತೆರೆದು, ತೋರುಬೆರಳನ್ನು ಸೀಳಿನ ಮೇಲೆ ಅಡ್ಡ ಇಟ್ಟಳು.

"ಅಣ್ಣಾ, ಮುಚ್ಚು."

ಅಣ್ಣ ಅಂಗೈಯಿಂದ ಅಲಗಿನ ಬೆನ್ನಿಗೆ ಬಿರುಸಾಗಿ ಹೊಡೆದ. ಬೇಕಾದದ್ದಕ್ಕಿಂತ ಬಿರುಸಾಗಿಯೇ ಹೊಡೆದ. ಟಕ್. ಅಲಗು ನೆಟ್ಟಗೆ ನಿಂತಿತು. ಅವಳ ಬೆರಳು ಅಲ್ಲಾಡಲಿಲ್ಲ.

"ಇನ್ನೊಂದ್ಸಲ," ಎಂದರು ಅಪ್ಪ.

ಟಕ್.

ಅಪ್ಪ ಚಾಕುವನ್ನು ಕಿತ್ತುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. "ನಿಂತಿತು, ಇಲ್ಲ ಅನ್ನಲ್ಲ. ಆದ್ರೆ ಇದು ಚಾಕುನಾ, ಹಲ್ಲುಕಡ್ಡಿನಾ? ಯಾರಾದ್ರೂ ಕೊಳ್ತಾರಾ ಇದನ್ನ? ಕೊಳ್ಳೋದಿರಲಿ, ಬಿದ್ದಿದ್ರೂ ಎತ್ತಿಕೊಳ್ಳಲ್ಲ. ಇವಳ ಥರಾನೇ ಸವೆದುಹೋಗಿದೆ." ಅದನ್ನು ಟವೆಲ್ಲಿನ ಮೇಲೆ ಎಸೆದು, ಅಣ್ಣನ ಚಾಕುವನ್ನು ಎರಡು ಬೆರಳಲ್ಲಿ ಎತ್ತಿದರು. ಕೊಂಬಿನ ಪಕ್ಕೆ ಇನ್ನೂ ಹೊಳೆಯುತ್ತಿತ್ತು. ಅಲಗು ಕನ್ನಡಿ. ಬುಡದಲ್ಲಿ ಸುತ್ತಿಗೆ, ಒಂದೇ ಏಟಿನದು, ಸ್ಪಷ್ಟ. "ಇದು ನೋಡಿ ಚಾಕು."

ಅವರು ಅದನ್ನು ಪೂರ್ತಿ ತೆರೆಯುವಾಗ ಮೊಂಡಿಗೆ ಒಂದು ಸದ್ದು ಕೇಳಿಸಿತು. ಒಣಗಿದ ಸದ್ದು, ಮರಳು ಸಿಕ್ಕಿದಂತೆ. ಅವಳು ಬಗ್ಗಿ ಸ್ಪ್ರಿಂಗಿನ ಬೆನ್ನನ್ನು ನೋಡಿದಳು. ನಡುವಿನ ರಿವೆಟ್ಟಿನ ಹತ್ತಿರ, ಅಡ್ಡಲಾಗಿ, ಕೂದಲಿನಷ್ಟು ತೆಳ್ಳಗೆ ಒಂದು ಕೆಂಪು ಗೆರೆ ಇತ್ತು.

ಅದು ಏನೆಂದು ಅವಳಿಗೆ ತಕ್ಷಣ ಗೊತ್ತಾಯಿತು. ತೆರೆದಾಗಲೂ ಮಡಿಸಿದಾಗಲೂ ಸ್ಪ್ರಿಂಗ್ ಹೆಚ್ಚುಕಡಿಮೆ ಸಡಿಲವಾಗಿಯೇ ಇರುತ್ತದೆ. ಅದು ಬಾಗಿ ನಿಲ್ಲುವುದು ಅಲಗು ಅರ್ಧದಲ್ಲಿ ನಿಂತಾಗ ಮಾತ್ರ. ಬಾಗಿ ಮತ್ತೆ ನೇರವಾದರೆ ಒಳ್ಳೆಯ ಉಕ್ಕು ಅದನ್ನು ಲಕ್ಷ ಸಲ ಸಹಿಸುತ್ತದೆ. ಈ ಸ್ಪ್ರಿಂಗ್ ಮಾತ್ರ ಇಪ್ಪತ್ತೇಳು ವರ್ಷ ಬಾಗಿಯೇ ನಿಂತಿತ್ತು. ಗೋಡೆಯ ಆಚೆ ಬದಿ ಬಚ್ಚಲು. ಮಖಮಲ್ಲು ಆ ತೇವವನ್ನು ಹೀರಿ ಹಿಡಿದುಕೊಂಡಿತ್ತು. ತೇವದಿಂದ ತುಕ್ಕಿನ ಒಂದು ಕುಳಿ, ಬಾಗಿದ ಬಿಗಿಯಿಂದ ಆ ಕುಳಿಯ ತಳದಲ್ಲಿ ಒಂದು ಬಿರುಕು, ಆ ಬಿರುಕಿನೊಳಗೆ ಮತ್ತೆ ತೇವ. ಒಂದೊಂದು ಮಳೆಗಾಲಕ್ಕೂ ಅದು ಕೂದಲೆಳೆಯಷ್ಟು ಮುಂದೆ ಸಾಗಿರಬೇಕು. ಹೊರಗಿನ ಹೊಳಪನ್ನಷ್ಟೇ ಅಣ್ಣ ಪ್ರತಿ ತಿಂಗಳು ಬಟ್ಟೆಯಿಂದ ಒರೆಸುತ್ತಿದ್ದ.

"ಅಪ್ಪಾ, ಅದನ್ನ ಮುಚ್ಚಬೇಡಿ. ಸ್ಪ್ರಿಂಗ್ ಸೀಳಿದೆ."

ಅಪ್ಪ ಚಾಕುವಿನಿಂದ ತಲೆ ಎತ್ತಿದರು.

"ಏನಂದೆ?"

"ನಡುವಿನ ರಿವೆಟ್ ಹತ್ರ ನೋಡಿ. ತುಕ್ಕಿನ ಗೆರೆ. ಅರ್ಧ ತೆರೆದಿಟ್ಟು ಇಟ್ಟು ಹಾಗಾಗಿದೆ. ಇನ್ನೊಂದು ಸಲ ಬಾಗಿದ್ರೆ ಮುರಿಯುತ್ತೆ."

"ನೋಡಿದ್ರಾ!" ಎಂದಳು ಅತ್ತಿಗೆ. "ಹೊಟ್ಟೆಕಿಚ್ಚಿನ ಹೊಗೆ ಈಗ ಹೊರಗೆ ಬಂತು. ಗೆರೆಯಂತೆ, ಸೀಳಂತೆ!"

"ನನ್ನ ಚಾಕು ಅಲ್ವಲ್ಲ ಅತ್ತಿಗೆ. ನನಗೇನು? ಮುರಿದ್ರೆ ನನಗೇ ಲಾಭ. ಬೆರಳು ಅಣ್ಣಂದು ಅಂತ ಹೇಳ್ದೆ."

ಅಣ್ಣ ಆಗಲೇ ಬೆರಳನ್ನು ಮುಂದೆ ಚಾಚಿದ್ದ. ಅದು ಹಾಗೇ ಗಾಳಿಯಲ್ಲಿ ನಿಂತಿತು. ಅವನು ಸ್ಪ್ರಿಂಗಿನ ಕಡೆ ನೋಡಿದ, ತಂಗಿಯ ಕಡೆ ನೋಡಿದ. ಸುಳ್ಳು ಹೇಳುವಾಗ ಅವಳು ಹೇಗಿರುತ್ತಾಳೆಂದು ಅವನಿಗೆ ಚಿಕ್ಕಂದಿನಿಂದ ಗೊತ್ತು. ಅವಳಿಗೆ ಆ ವಿದ್ಯೆಯೇ ಬರುತ್ತಿರಲಿಲ್ಲ. ಬೆರಳು ಮೆಲ್ಲಗೆ ಹಿಂದಕ್ಕೆ ಹೋಗಿ ಪ್ಯಾಂಟಿನ ಜೇಬು ಸೇರಿತು.

"ಅಪ್ಪಾ, ಅದು... ಬೆಳಿಗ್ಗೆಯಿಂದ ಈ ಬೆರಳು ಯಾಕೋ ಜೋಮು ಹಿಡಿದಂಗಿದೆ."

ಅಪ್ಪನ ಮುಖ ಕಪ್ಪಾಯಿತು. ಮಗನನ್ನು ಬೈಯಬೇಕಾದ ಮಾತು ಬಾಯಿಯವರೆಗೆ ಬಂದು, ದಿಕ್ಕು ಬದಲಿಸಿ ಮಗಳ ಕಡೆ ತಿರುಗಿತು. "ಹೆದರಿಸಿಬಿಟ್ಟೆಯಲ್ಲೇ ಅವನನ್ನ! ನಾಲಿಗೆನೋ ಅದು, ಹಾವೋ? ನನ್ನ ಕಣ್ಣೆದುರು ಹದ ಹಾಕಿದ ಸ್ಪ್ರಿಂಗ್ ಇದು. ನನ್ನ ಮಗನ ಚಾಕಿಗೆ ನನ್ನ ಬೆರಳು. ತಗೋ." ಅವರು ಎಡಗೈಯ ತೋರುಬೆರಳನ್ನು, ಒಳಬದಿ ಮೇಲಾಗಿ, ಸೀಳಿನ ಮೇಲಿಟ್ಟರು. "ಮುಚ್ಚೋ."

"ಅಪ್ಪಾ ಬೇಡ," ಎಂದಳು ಮೊಂಡಿ.

"ನೀನು ಬಾಯಿ ಮುಚ್ಚು, ಅವನು ಚಾಕು ಮುಚ್ಚಲಿ."

ಅಣ್ಣ ಜೇಬಿನಿಂದ ಕೈ ತೆಗೆದ. ತನ್ನ ಬೆರಳನ್ನಿಡಲು ಹೆದರಿದ ಚಾಕು ಅದು. ಬೇಡ ಅನ್ನುವುದಕ್ಕೆ ಬೇಕಾದಷ್ಟು ಹೊತ್ತಿತ್ತು. ಅನ್ನಲಿಲ್ಲ. ಅನ್ನುವುದೆಂದರೆ ತಂಗಿ ಹೇಳಿದ್ದು ನಿಜವೆಂದು ಒಪ್ಪುವುದು, ಒಪ್ಪಿದರೆ ಅಚ್ಚು ಹೋಗುತ್ತದೆ. ಅಪ್ಪನ ಬೆರಳು ಹೇಗೂ ಅಪ್ಪನದು.

ಅವನು ಅಂಗೈ ಹಾಕಿ ದೂಡಿದ.

ಟಕ್ಕೆಂಬ ಸದ್ದು ಬರಲಿಲ್ಲ. ಒಣ ಕಡ್ಡಿ ಮುರಿದ ಸದ್ದು ಬಂತು. ಅಲಗು ಎಲ್ಲೂ ನಿಲ್ಲದೆ, ತನ್ನ ದಾರಿಯಲ್ಲೇನೂ ಇಲ್ಲವೆಂಬಂತೆ ಬಂದು ಮುಚ್ಚಿಕೊಂಡಿತು. ಅಪ್ಪ ಕೂಗಲಿಲ್ಲ. ಬಾಯಿ ತೆರೆದು ಕುಳಿತೇ ಇದ್ದರು. ಟವೆಲ್ಲಿನ ಬಿಳಿ ಭಾಗ ಕೆಂಪಾದ ಮೇಲೆ ಅತ್ತಿಗೆ ಚೀರಿದಳು. ಮೊಂಡಿಯೇ ಅಪ್ಪನ ಕೈಯನ್ನು ಮೇಲೆತ್ತಿ ಹಿಡಿದು, ಟವೆಲ್ಲಿನ ಒಣ ತುದಿಯಿಂದ ಬಿಗಿದು, ಚಾಕುವನ್ನು ಬಿಡಿಸಿ ತೆಗೆದಳು. ಅಣ್ಣ ಅಲ್ಲೇ ನಿಂತು ತನ್ನ ತೋರುಬೆರಳನ್ನು ಹೆಬ್ಬೆರಳಿನಿಂದ ಸವರಿಕೊಳ್ಳುತ್ತಿದ್ದ.

ಎರಡು ಬೀದಿ ಆಚೆಯ ಡಾಕ್ಟರು ಒಳಗೂ ಹೊರಗೂ ಹೊಲಿಗೆ ಹಾಕಿದರು. ಬೆರಳನ್ನು ಮಡಿಸುವ ನರ ಕತ್ತರಿಸಿದೆ, ಕೂಡಿಸಿದ್ದೇನೆ, ಆದರೆ ಈ ವಯಸ್ಸಿನಲ್ಲಿ ತುದಿಯ ಗೆಣ್ಣು ಇನ್ನು ಬಾಗಲಿಕ್ಕಿಲ್ಲ ಎಂದರು. "ಹೇಗಾಯ್ತು?" ಎಂದು ಕೇಳಿದ್ದಕ್ಕೆ ಅಣ್ಣ, "ಹಳೇ ಚಾಕು ಸಾರ್," ಎಂದ.

ಮಧ್ಯಾಹ್ನ ಅಪ್ಪ ಕೈಗೆ ದಪ್ಪ ಪಟ್ಟಿ ಕಟ್ಟಿಸಿಕೊಂಡು ಬಂದು ಅದೇ ಕುರ್ಚಿಯಲ್ಲಿ ಕುಳಿತರು. ನೋವಿಗೆ ಹಣೆ ಬೆವರಿತ್ತು. ಮೊಂಡಿ ಬೆಂಚಿನ ಮೇಲಿನ ರಕ್ತ ಒರೆಸಿ, ಎರಡು ಚಾಕುಗಳನ್ನೂ ತೊಳೆದಿಟ್ಟಿದ್ದಳು. ಅಣ್ಣನಿಗೆ ಈಗ ಬೈಗುಳ ಬೀಳುತ್ತದೆಂದು ಎಲ್ಲರೂ ಕಾದರು, ಅಣ್ಣನೂ ತಲೆ ತಗ್ಗಿಸಿಕೊಂಡು ಕಾದ.

"ಎಲ್ಲಾ ನಿನ್ನಿಂದ," ಎಂದರು ಅಪ್ಪ, ಮಗಳಿಗೆ.

"ನಾನೇನು ಮಾಡ್ದೆ?"

"ನೀನು ಬಾಯಿ ಬಿಡದೆ ಇದ್ದಿದ್ರೆ ಅವನು ತನ್ನ ಬೆರಳೇ ಇಡ್ತಿದ್ದ. ನನ್ನ ಬೆರಳು ಹೋಗ್ತಿರಲಿಲ್ಲ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಆ ಮನೆಗೆ ಹೊಸದೇನಲ್ಲ. ಆದರೂ ಮೊಂಡಿ ಈ ಲೆಕ್ಕವನ್ನು ಮನಸ್ಸಿನಲ್ಲೇ ಎರಡು ಸಲ ಮಾಡಿ ನೋಡಿದಳು. ಅದರಲ್ಲಿ ತಪ್ಪು ಸಿಗಲಿಲ್ಲ. ಅವಳು ಸುಮ್ಮನಿದ್ದಿದ್ದರೆ ಅಪ್ಪನ ಬೆರಳು ನಿಜವಾಗಿಯೂ ಉಳಿಯುತ್ತಿತ್ತು.

"ಸರಿ," ಎಂದಳು. "ಪರೀಕ್ಷೆ ಆಯ್ತಲ್ಲ. ನಂದು ನಿಂತಿತು, ಅವನದು ಮುರೀತು. ಅಚ್ಚು ಕೊಡಿ."

"ಯಾರು ಹೇಳಿದ್ದು ಆಯ್ತು ಅಂತ? ಇವತ್ತು ಮನೆಯೊಳಗಿನ ಆಟ. ಪರೀಕ್ಷೆ ನಾಳೆ ಹನ್ನೊಂದಕ್ಕೆ, ಸಂಘದವರ ಎದುರಿಗೆ." ಅಪ್ಪ ಪಟ್ಟಿ ಕಟ್ಟಿದ ಕೈಯನ್ನು ತೊಡೆಯ ಮೇಲೆ ಸರಿಪಡಿಸಿಕೊಂಡರು. "ನಿನ್ನ ಚಾಕಿನ ಸ್ಪ್ರಿಂಗ್ ಬಿಚ್ಚು. ಅಣ್ಣನ ಚಾಕಿಗೆ ಹಾಕು."

ಅತ್ತಿಗೆ ಕೂಡ ಮಾವನ ಕಡೆ ಕತ್ತು ತಿರುಗಿಸಿದಳು.

"ಒಂದೇ ಪಟ್ಟಿ, ಒಂದೇ ಮಾದರಿ, ತೂತೂ ಒಂದೇ," ಎಂದರು ಅಪ್ಪ. "ಹೊಸದು ಮಾಡಿ ಹದ ಹಾಕೋಕೆ ಹೊತ್ತಿಲ್ಲ. ಗಾಜಿನ ಪೆಟ್ಟಿಗೆ ಖಾಲಿ ಇದ್ರೆ ನಾಳೆ ಬಂದವರು ಮೊದಲು ಅದನ್ನೇ ಕೇಳ್ತಾರೆ. ಅವನ ಚಾಕು ನಿಲ್ಲಬೇಕು."

"ನಂದು?"

"ನಿಂದಕ್ಕೆ ಸ್ಪ್ರಿಂಗೇ ಇರಲ್ಲ. ಹೇಗೆ ನಿಲ್ಲುತ್ತೆ?" ಅಪ್ಪ ತಮ್ಮ ಮಾತಿಗೆ ತಾವೇ ನಗಲು ಹೋಗಿ, ನೋವಿಗೆ ಹಲ್ಲು ಕಚ್ಚಿದರು. "ಮಾಡಿದ್ರೆ ಈ ಬೆಂಚು ನಿನ್ನದೇ, ಮಹಡಿ ಕೋಣೆನೂ ನಿನ್ನದೇ, ನಾನು ಸತ್ತಮೇಲೂ. ಮಾಡದೆ ಇದ್ರೆ ನಾಳೆ ಅಚ್ಚು ಕೈ ಬದಲಾದ ಮೇಲೆ ಇವನನ್ನೇ ಕೇಳ್ಕೋ, ಇಟ್ಕೊಳ್ತಾನೋ ಓಡಿಸ್ತಾನೋ ಅಂತ."

ಅಣ್ಣ ನೆಲ ನೋಡುತ್ತ, "ನಾನ್ಯಾಕೆ ಓಡಿಸ್ಲಿ? ಕೆಲಸ ಮಾಡೋರು ಬೇಕಲ್ಲ," ಎಂದ.

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಆದರೆ ಹೆಗ್ಗಣಕ್ಕೆ ಹಲ್ಲನ್ನೂ ಇನ್ನೊಬ್ಬರ ಬಾಯಿಂದ ಕಿತ್ತು ಕೊಡುತ್ತಾರೆಂದು ಮೊಂಡಿಗೆ ಅಂದು ತಿಳಿಯಿತು. ಅವಳು ಎಪ್ರನ್ ಕಟ್ಟಿಕೊಂಡು, ದೀಪ ಹಾಕಿ, ತನ್ನ ಚಾಕುವನ್ನು ಬೆಂಚಿನ ವೈಸಿನ ಇಕ್ಕಳಕ್ಕೆ ಹಿಡಿಸಿದಳು.

ರಿವೆಟ್ಟಿನ ತಲೆಗಳನ್ನು ಅರದಿಂದ ಉಜ್ಜಿ, ಪಂಚಿನಿಂದ ಆಚೆಗೆ ತಳ್ಳಿದಳು. ಸ್ಪ್ರಿಂಗ್ ಹೊರಬಂತು. ಒಳಗೆ ತುಕ್ಕಿಲ್ಲ, ಎಣ್ಣೆಯ ಕಪ್ಪು ಮಾತ್ರ. ಅಣ್ಣನ ಚಾಕುವನ್ನು ಬಿಚ್ಚಿದಾಗ ಮುರಿದ ಸ್ಪ್ರಿಂಗಿನ ಎರಡು ತುಂಡು ಬಿದ್ದವು. ಮುರಿದ ಮುಖ ಮುಕ್ಕಾಲು ಭಾಗ ಕಂದು, ಹಳೆಯ ಬಿರುಕು. ಕಾಲು ಭಾಗ ಮಾತ್ರ ಬೆಳ್ಳಗೆ, ಇವತ್ತಿನದು. ಇಷ್ಟು ವರ್ಷ ಅಂಗಡಿಯ ಗೌರವ ಆ ಕಾಲು ಭಾಗದ ಮೇಲೆ ನಿಂತಿತ್ತು.

ಅವಳು ತನ್ನ ಸ್ಪ್ರಿಂಗನ್ನು ಅಣ್ಣನ ಅಲಗಿಗೆ ಒರಗಿಸಿ ನೋಡಿದಳು. ಹೊಂದಲಿಲ್ಲ. ಅವಳು ಅಂದುಕೊಂಡಂತೆಯೇ ಆಗಿತ್ತು. ಇಪ್ಪತ್ತೇಳು ವರ್ಷ ಜೊತೆಗೆ ದುಡಿದ ಅಲಗೂ ಸ್ಪ್ರಿಂಗೂ ಒಂದನ್ನೊಂದು ತಿದ್ದಿಕೊಂಡಿದ್ದವು. ಅವಳ ಅಲಗಿನ ಬುಡದ ಮೂಲೆ ತುಸು ದುಂಡಗಾಗಿತ್ತು, ಅದು ಕೂರುವ ಜಾಗದಲ್ಲಿ ಸ್ಪ್ರಿಂಗಿನ ತುದಿಯೂ ಅಷ್ಟೇ ಆಳಕ್ಕೆ ತಗ್ಗಿತ್ತು. ಅಣ್ಣನ ಅಲಗಿನ ಮೂಲೆ ಇನ್ನೂ ಚೂಪು. ಅದು ಆ ತಗ್ಗಿನ ಅಂಚಿಗೆ ಸಿಕ್ಕಿಕೊಂಡು ವಾಲುತ್ತಿತ್ತು. ಅದನ್ನು ಹೊಂದಿಸಲು ಒಂದೇ ದಾರಿ: ಅವಳ ಅಲಗಿನಿಂದ ಬದುಕು ಎಷ್ಟನ್ನು ತೆಗೆದಿತ್ತೋ ಅಷ್ಟನ್ನೇ ಅಣ್ಣನ ಅಲಗಿನಿಂದ ಅವಳು ಸಣ್ಣ ಎಣ್ಣೆಗಲ್ಲಿನಲ್ಲಿ ಉಜ್ಜಿ ತೆಗೆಯಬೇಕು.

ಕಡಿಮೆ ತೆಗೆದರೆ ವಾಲುತ್ತದೆ. ಹೆಚ್ಚು ತೆಗೆದರೆ, ಮೂರು ಕೂದಲಿನಷ್ಟು, ಸುಮಾರು ೦.೩ ಮಿಲಿಮೀಟರಿಗೆ ಬಂದರೆ, ಮೂಲೆ ಪೂರ್ತಿ ದುಂಡಗಾಗಿ ನಿಲುಗಡೆ ಹೋಗುತ್ತದೆ. ಕೈಯಲ್ಲಿ ಮೆಲ್ಲಗೆ ಆಡಿಸಿದರೆ ನಿಂತಂತೆಯೇ ಕಾಣುತ್ತದೆ. ಬಿರುಸಾಗಿ ಮುಚ್ಚಿದಾಗ ಮಾತ್ರ ಅಲಗು ಉರುಳಿ ದಾಟಿಬಿಡುತ್ತದೆ. ಇದು ಚಾಕು ಮಾಡಿದವರಿಗೆಲ್ಲ ತಿಳಿದ ವಿಷಯ, ಆದರೆ ಅಪ್ಪನ ಕಣ್ಣು ಈಗ ಮಂಜು, ಅಣ್ಣನಿಗೆ ಅಳೆದು ನೋಡುವ ಅಭ್ಯಾಸ ಎಂದೋ ತಪ್ಪಿತ್ತು.

ಅವಳು ಮೈಕ್ರೋಮೀಟರ್ ತೆಗೆದು, ತನ್ನ ಅಲಗಿನ ಬುಡವನ್ನೂ ಅಣ್ಣನದನ್ನೂ ಮೂಲೆಯಿಂದ ಮೂಲೆಗೆ ಅಳೆದಳು. ಉಜ್ಜಿದಳು. ಅಳೆದಳು. ಮತ್ತೆ ಉಜ್ಜಿದಳು. ಒಂದು ಹಂತದಲ್ಲಿ ಕೈ ನಿಂತಿತು. ಕಲ್ಲನ್ನು ಕೆಳಗಿಟ್ಟು ಬಹಳ ಹೊತ್ತು ಅಲಗನ್ನೇ ನೋಡುತ್ತ ಕುಳಿತಳು. ಆಮೇಲೆ ರಿವೆಟ್ ಬಡಿದು, ಪಕ್ಕೆಗಳಿಗೆ ಹೊಳಪು ಕೊಟ್ಟು, ಚಾಕುವನ್ನು ಗಾಜಿನ ಪೆಟ್ಟಿಗೆಯಲ್ಲಿ ಮೊದಲಿನಂತೆ ಅರ್ಧ ತೆರೆದು ನಿಲ್ಲಿಸಿದಳು.

ಸೋಮವಾರ ಸಂಘದ ಅಧ್ಯಕ್ಷರು ಇನ್ನಿಬ್ಬರೊಂದಿಗೆ ಅಂಗಡಿಗೆ ಬಂದರು. ದಪ್ಪ ಮೀಸೆ, ದೊಡ್ಡ ಗಂಟಲು. ಅಪ್ಪನ ಕೈ ನೋಡಿ, "ಏನ್ರೀ ಯಜಮಾನ್ರೇ, ಚಾಕು ಮಾಡೋರನ್ನೇ ಚಾಕು ಕಚ್ಚಿತಾ?" ಎಂದು ನಕ್ಕರು.

"ಬಾಗಿಲಿಗೆ ಸಿಕ್ಕಿತು," ಎಂದರು ಅಪ್ಪ.

ಮೊದಲು ಮೊಂಡಿಯ ಚಾಕು. ಅಧ್ಯಕ್ಷರು ಎತ್ತಿ ಅಲುಗಿಸಿದರು. ಸ್ಪ್ರಿಂಗಿಲ್ಲದ ಅಲಗು ಮುರಿದ ಕಿಟಕಿಯ ಬಾಗಿಲಿನಂತೆ ಆ ಕಡೆ ಈ ಕಡೆ ಬಡಿಯಿತು. "ಇದ್ಯಾವುದಮ್ಮ ಇದು? ತೊಟ್ಟಿಲಾ? ಇದಕ್ಕೆ ಬೆರಳಿಡೋದು ಬೇಡ, ಪಾಪ." ಬಂದವರೆಲ್ಲ ನಕ್ಕರು. ಅತ್ತಿಗೆ ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕಳು. ಮೊಂಡಿ ಚಾಕುವನ್ನು ವಾಪಸ್ ತೆಗೆದುಕೊಂಡು ಎಪ್ರನ್ನಿನ ಜೇಬಿಗೆ ಹಾಕಿದಳು.

ಆಮೇಲೆ ಗಾಜಿನ ಪೆಟ್ಟಿಗೆ ತೆರೆಯಿತು. "ಬೆರಳಿಡಪ್ಪ," ಎಂದರು ಅಧ್ಯಕ್ಷರು ಅಣ್ಣನಿಗೆ. "ಯಾರು ಮುಚ್ಚುತ್ತೀರಿ? ಯಜಮಾನ್ರ ಕೈ ಆಗಲ್ಲ. ಅಚ್ಚು ಕೇಳಿದವಳು ತಂಗಿ ತಾನೆ? ಅವಳೇ ಮುಚ್ಚಲಿ. ಆಗ ಯಾರೂ ಮೋಸ ಅನ್ನೋ ಹಾಗಿರಲ್ಲ."

ಅಪ್ಪ ಪಟ್ಟಿ ಕಟ್ಟಿದ ಕೈಯನ್ನು ಎದೆಗೆ ಒತ್ತಿಕೊಂಡರು.

ಅಣ್ಣ ಬೆರಳನ್ನು ಸೀಳಿನ ಮೇಲಿಟ್ಟ. ಮೊಂಡಿ ಎದುರಿಗೆ ಬಂದು ನಿಂತು, ತೆರೆದ ಅಲಗಿನ ಬೆನ್ನಿಗೆ ಅಂಗೈ ತಾಗಿಸಿದಳು. ಅಣ್ಣನ ಉಗುರಿನ ಸುತ್ತ ಬೆವರಿತ್ತು. ಅವನು ತುಟಿ ಅಲುಗಿಸದೆ ಪಿಸುಗುಟ್ಟಿದ:

"ಸರಿಯಾಗಿ ಕೂರಿಸಿದ್ದೀಯ ತಾನೆ?"

"ನಿನ್ನ ಚಾಕು ಅಲ್ವಾ ಅಣ್ಣಾ," ಎಂದಳು ಅವಳು, ಎಲ್ಲರಿಗೂ ಕೇಳುವಂತೆ. "ನಿನಗೇ ಗೊತ್ತಿರಬೇಕು."

ಅಣ್ಣ ಅಪ್ಪನ ಕಡೆ ನೋಡಿದ. ಅಪ್ಪ ತಮ್ಮ ಪಟ್ಟಿಯ ಕಡೆ ನೋಡುತ್ತಿದ್ದರು. ಮೊಂಡಿ ಕಾದಳು. ಅವಸರವೇನೂ ಇರಲಿಲ್ಲ. ಅಣ್ಣನ ಕಣ್ಣಿನಲ್ಲಿ ನೀರು ಬರುವವರೆಗೂ ನೋಡಿದಳು. ನಿನ್ನೆ ಬೆಂಚಿನ ಹತ್ತಿರ ಅಪ್ಪನ ಬೆರಳಿನ ಮುಂದೆ ನಿಂತಾಗ ಆ ಕಣ್ಣು ಒಣಗಿತ್ತು.

"ಬೇಗ ಅಮ್ಮಾ," ಎಂದರು ಅಧ್ಯಕ್ಷರು.

ಅವಳು ಅಂಗೈ ಹಿಂದಕ್ಕೆಳೆದು, ಒಂದೇ ಬಿರುಸಿಗೆ ಹೊಡೆದಳು.

ಟಕ್.

ಅಲಗು ನೆಟ್ಟಗೆ ನಿಂತಿತು. ಅಣ್ಣ ಕಣ್ಣು ಮುಚ್ಚಿದ್ದ, ಅದನ್ನು ತೆರೆಯಲು ಸ್ವಲ್ಪ ಹೊತ್ತು ಬೇಕಾಯಿತು.

"ಭೇಷ್!" ಅಧ್ಯಕ್ಷರು ಚಾಕುವನ್ನು ಎತ್ತಿ ಹಿಡಿದರು. "ಇಪ್ಪತ್ತೇಳು ವರ್ಷ! ನಿನ್ನೆ ಕೂರಿಸಿದ ಹಾಗಿದೆ ಸ್ಪ್ರಿಂಗು. ಬಾಳಿಕೆ ಅಂದ್ರೆ ಇದು. ನೋಡಿ ಕಲೀಬೇಕು ಕಣಮ್ಮ ನೀನು."

"ಹೂಂ," ಎಂದಳು ಮೊಂಡಿ.

ಅಪ್ಪ ಬಲಗೈಯಿಂದ ಅಚ್ಚನ್ನು ತೆಗೆದು ಅಣ್ಣನ ಕೈಗಿಟ್ಟರು. ಅಲ್ಲೇ, ಎಲ್ಲರ ಎದುರಿಗೆ, ಮೊಂಡಿ ಶುಕ್ರವಾರ ಕತ್ತರಿಸಿಟ್ಟಿದ್ದ ಮೆತ್ತಗಿನ ಅಲಗೊಂದನ್ನು ತಂದು ಅಣ್ಣ ಮೊದಲ ಏಟು ಹಾಕಿದ. ಅಚ್ಚು ವಾಲಿ, ಸುತ್ತಿಗೆಯ ಹಿಡಿ ಮಾತ್ರ ಮೂಡಿತು, ತಲೆ ಮೂಡಲಿಲ್ಲ. "ಚೆನ್ನಾಗಿ ಬಿತ್ತು," ಎಂದರು ಅಪ್ಪ.

ಬಂದವರು ಹೋದಮೇಲೆ ಮೊಂಡಿ ಬೆಂಚಿಗೆ ಮರಳಿದಳು. ಜೇಬಿನಿಂದ ತನ್ನ ಚಾಕುವನ್ನು ತೆಗೆದು, ಗುಜರಿ ಉಕ್ಕಿನ ಡಬ್ಬಕ್ಕೆ ಹಾಕಿದಳು. ಅಲ್ಲಿ ಮುರಿದ ಸ್ಪ್ರಿಂಗಿನ ಎರಡು ತುಂಡು ಮೊದಲೇ ಇದ್ದವು. ಅಣ್ಣ ಬಾಗಿಲಲ್ಲಿ ಬಂದು ನಿಂತ. ಒಂದು ಕೈಯಲ್ಲಿ ಅಚ್ಚು. ಇನ್ನೊಂದು ಕೈಯ ತೋರುಬೆರಳನ್ನು ಇನ್ನೂ ಸವರಿಕೊಳ್ಳುತ್ತಿದ್ದ.

"ನಿಜ ಹೇಳು. ಬುಡದ ಮೂಲೆಯಿಂದ ಎಷ್ಟು ತೆಗ್ದೆ?"

ಅವಳು ಮೋಟಾರಿನ ಗುಂಡಿ ಒತ್ತಿದಳು, ಬೆಲ್ಟು ಬಿಗಿದುಕೊಂಡು ತಿರುಗಿತು. ಅಣ್ಣ ಸ್ವಲ್ಪ ಹೊತ್ತು ನಿಂತು, ಅಂಗಡಿಗೆ ಹೋದ.

ತೆಗೆದದ್ದು ೦.೧೧ ಮಿಲಿಮೀಟರ್, ಇಪ್ಪತ್ತೇಳು ವರ್ಷದಲ್ಲಿ ಅವಳ ಅಲಗಿನ ಬುಡ ಸವೆದಷ್ಟೇ.